ನಗಬೇಡಿ ಸ್ಟುಡಿಯೋದ ಮೊದಲ ಪುಟ

ಪಾಸ್‌ಪೋರ್ಟ್ ಫೋಟೋದಲ್ಲಿ ಹಲ್ಲು ಕಾಣಿಸಬಾರದು ಎನ್ನುವುದು ಸರ್ಕಾರದ ನಿಯಮ. ಅವನು ಅದನ್ನು ತನ್ನ ಇಡೀ ಸ್ಟುಡಿಯೋದ ಕಾನೂನು ಮಾಡಿಬಿಟ್ಟಿದ್ದ. ಮದುಮಕ್ಕಳಿಗೂ ಅದೇ, ತೊಟ್ಟಿಲ ಕೂಸಿಗೂ ಅದೇ. ನಿವೃತ್ತಿಯಾದ ಮೇಷ್ಟರೊಬ್ಬರು ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಪಕ್ಕ ಕೂತು ಸ್ವಲ್ಪ ಮುಖ ಅರಳಿಸಿದರೂ ಕ್ಯಾಮೆರಾದ ಹಿಂದಿನಿಂದ ಒಂದೇ ಮಾತು ಬರುತ್ತಿತ್ತು: ನಗಬೇಡಿ. ನಕ್ಕರೆ ಕಣ್ಣು ಚಿಕ್ಕದಾಗುತ್ತದೆ, ಕೆನ್ನೆ ಉಬ್ಬುತ್ತದೆ, ಆಮೇಲೆ ಆ ಗೆರೆಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತ ಕೂರಬೇಕಾದವನು ನಾನು ತಾನೆ ಎಂದು ವಾದಿಸುತ್ತಿದ್ದ. ಬೀದಿಯವರು ಅವನ ನಿಜವಾದ ಹೆಸರನ್ನು ಮರೆತು ‘ನಗಬೇಡಿ’ ಎಂದೇ ಕರೆಯತೊಡಗಿದರು. ಕೊರಿಯರ್‌ನವನು ಕೂಡ ನಗಬೇಡಿ ಸ್ಟುಡಿಯೋ ಎಂದರೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದ. ನಗಬೇಡಿಗೆ ಈ ವಿಷಯ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಆಡಿಕೊಳ್ಳುವವರ ಮುಖಗಳನ್ನು ಅವನು ಹತ್ತಿರದಿಂದ ನೋಡಿದ್ದ. ಅವರ ಮಾತಿಗೆ ಸೊಪ್ಪು ಹಾಕುವ ಅಗತ್ಯ ಅವನಿಗೆ ಕಾಣಲಿಲ್ಲ.

ಮೂವತ್ತೆರಡು ವರ್ಷ ಜನರ ಮುಖದಿಂದಲೇ ಹೊಟ್ಟೆ ಹೊರೆದವನಿಗೆ ಜನರ ಮುಖದ ಮೇಲೆ ಇಷ್ಟು ತಾತ್ಸಾರ ಹೇಗೆ ಬಂತೋ ದೇವರೇ ಬಲ್ಲ. ಗಿರಾಕಿ ಮೆಟ್ಟಿಲು ಹತ್ತುತ್ತಿರುವಾಗಲೇ ಮನಸ್ಸಿನಲ್ಲಿ ಷರಾ ಬರೆದು ಮುಗಿಸುತ್ತಿದ್ದ. ಇದು ಎರಡು ಗದ್ದದ ಮುಖ. ಇದಕ್ಕೆ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಇದನ್ನು ಎಷ್ಟು ತಿದ್ದಿದರೂ ಅಷ್ಟೇ. ಎಲ್ಲರನ್ನೂ ಅದೇ ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು ಅಷ್ಟೇ ತಗ್ಗಿಸಿ, ಭುಜ ಅಷ್ಟೇ ತಿರುಗಿಸಿ, ಕ್ಲಿಕ್ಕಿಸುತ್ತಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ಮಚ್ಚೆ, ಕಲೆ, ನೆರಿಗೆ ಎಲ್ಲವನ್ನೂ ಒರೆಸಿ, ಹೊಸದಾಗಿ ಸುಣ್ಣ ಬಳಿದ ಗೋಡೆಯಂಥ ಮುಖ ಮಾಡಿ ಕೊಡುತ್ತಿದ್ದ. ಗಿರಾಕಿಗಳಿಗೂ ಅದೇ ಬೇಕಾಗಿತ್ತು ಎನ್ನಿ. ತಮ್ಮ ಮುಖದ ಮೇಲೆ ಅವರಿಗೂ ಅಂಥ ಗೌರವವೇನಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ಅವನಿಗೆ ಶ್ರದ್ಧೆಯಿತ್ತು. ಫೋಟೋದಲ್ಲಿ ಕಣ್ಣು ಚೂಪಾಗಿ ಮೂಡಿರಬೇಕು. ಕ್ಯಾಮೆರಾದ ಫೋಕಸ್ ಕಣ್ಣಿನ ಮೇಲೇ ಕೂತಿರಬೇಕು, ಮೂಗಿನ ಮೇಲಲ್ಲ, ಕಿವಿಯ ಮೇಲಲ್ಲ. ಮೇಜಿನ ಮೇಲೆ ಒಂದು ಭೂತಗನ್ನಡಿ ಸದಾ ಇರುತ್ತಿತ್ತು. ಯಾರು ಫೋಟೋ ತೋರಿಸಿದರೂ ಅದನ್ನು ಹಿಡಿದು ರೆಪ್ಪೆಗೂದಲು ಎಣಿಸುತ್ತಿದ್ದ. ಎಣಿಸಲು ಬಾರದಿದ್ದರೆ, “ಕಣ್ಣು ಶಾರ್ಪ್ ಇಲ್ಲ,” ಎಂದು ವಾಪಸ್ ತಳ್ಳುತ್ತಿದ್ದ. ಅಲ್ಲಿಗೆ ವಿಚಾರಣೆ ಮುಗಿಯಿತು, ಮೇಲ್ಮನವಿ ಇಲ್ಲ.

ಅವನ ಹತ್ತಿರ ಆರು ವರ್ಷ ಕೆಲಸ ಕಲಿತ ಶಿಷ್ಯನೊಬ್ಬನಿದ್ದ. ಯಾವುದೋ ಮದುವೆಯಲ್ಲಿ ಅವನು ಹೆಣ್ಣಿನ ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ಒಬ್ಬನೇ ನಿಂತದ್ದನ್ನು ಕಂಡು, ಯಾರೂ ಹೇಳದೆ ಒಂದು ಫೋಟೋ ತೆಗೆದಿದ್ದ. ಒಳ್ಳೆಯ ಫೋಟೋ ಎಂದು ಆಸೆಯಿಂದ ಪ್ರಿಂಟ್ ಹಾಕಿಸಿ ತಂದು ಕೌಂಟರ್ ಮೇಲಿಟ್ಟ. ನಗಬೇಡಿ ಭೂತಗನ್ನಡಿ ಹಿಡಿದು ನೋಡಿ, ನಾಲ್ಕು ಜನ ಗಿರಾಕಿಗಳ ಎದುರಿಗೇ ಅದನ್ನು ಎರಡು ತುಂಡು ಮಾಡಿದ. “ಕಣ್ಣು ಶಾರ್ಪ್ ಇಲ್ಲ. ಇದು ಫೋಟೋ ಅಲ್ಲ, ಮಸಿಬಟ್ಟೆ,” ಎಂದ. ಶಿಷ್ಯ ಎರಡೂ ತುಂಡುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡ. ಮುಂದಿನ ತಿಂಗಳು ಕೆಲಸ ಬಿಟ್ಟು ಹೋದ. ಈಗ ಅವನ ಕೈಕೆಳಗೆ ಐದು ಜನ, ತಲೆಯ ಮೇಲೆ ಹಾರುವ ಡ್ರೋನ್ ಬೇರೆ. ಅದರ ಜೊತೆಗೆ ಒಂದು ವೆಬ್‌ಸೈಟು.

ಸ್ಟುಡಿಯೋ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮುಂದೆ ಕೌಂಟರು, ಗೋಡೆಯ ಮೇಲೆ ಚೌಕಟ್ಟು ಹಾಕಿದ ಇಪ್ಪತ್ತನಾಲ್ಕು ಮುಖಗಳು. ಅದರ ಹಿಂದೆ ಕಪ್ಪು ಪರದೆಯ ಕೋಣೆ, ಅಲ್ಲಿ ಎರಡು ದೀಪ, ಒಂದು ಸ್ಟೂಲು, ಪಾಸ್‌ಪೋರ್ಟ್ ಫೋಟೋಗೆ ಇಳಿಬಿಡುವ ಬಿಳಿ ಬಟ್ಟೆ. ಪಕ್ಕದಲ್ಲಿ ಕಿಟಕಿಯಿಲ್ಲದ ಸಣ್ಣ ಕೋಣೆ, ಅಲ್ಲಿ ಹೆಂಡತಿ. ಅವಳು ಪಾಸ್‌ಪೋರ್ಟ್ ಫೋಟೋಗಳನ್ನು ಕಟ್ಟರಿನಲ್ಲಿ ಕತ್ತರಿಸಿ ಕವರಿಗೆ ಹಾಕುತ್ತಿದ್ದಳು, ಆಲ್ಬಮ್ಮಿಗೆ ಅಂಟು ಹಚ್ಚುತ್ತಿದ್ದಳು, ಫೋನು ತೆಗೆಯುತ್ತಿದ್ದಳು, ಗಂಡ ಬೈದು ಕಳಿಸಿದ ಗಿರಾಕಿಗಳನ್ನು ಮೆಟ್ಟಿಲ ತನಕ ಹೋಗಿ ಸಮಾಧಾನ ಮಾಡಿ ಕರೆತರುತ್ತಿದ್ದಳು. ಇದಲ್ಲದೆ ಅವಳಿಗೆ ಇನ್ನೊಂದು ಕೆಲಸವಿತ್ತು. ಗಿರಾಕಿ ಒಳಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿರುವಾಗ ಅವಳು ಆ ಸ್ಟೂಲಿನ ಮೇಲೆ ಕೂತು ಬೂದು ಬಣ್ಣದ ಒಂದು ಕಾರ್ಡು ಹಿಡಿಯಬೇಕು. ಅಂಗೈಯಗಲದ ಗಟ್ಟಿ ಕಾಗದ, ನಡುವೆ ಕಪ್ಪು ಶಿಲುಬೆಯ ಗುರುತು. ಅದನ್ನು ನೋಡಿ ಕ್ಯಾಮೆರಾ ಬೆಳಕು, ಬಣ್ಣ ಸರಿಮಾಡಿಕೊಳ್ಳುತ್ತದೆ. ಗದ್ದದ ನೆರಳು ಕಾರ್ಡಿನ ಮೇಲೆ ಬೀಳಬಾರದೆಂದು ಗೇಣುದ್ದ ಮುಂದೆ ಚಾಚಿ ಹಿಡಿಯಬೇಕು. ಅವನು ಒಂದು ಫೋಟೋ ತೆಗೆದು, ಬಣ್ಣ ನೋಡಿ, “ಸಾಕು, ಏಳು,” ಎನ್ನುತ್ತಿದ್ದ. ಅವಳು ಎದ್ದು ಕಾರ್ಡನ್ನು ಮೊಳೆಗೆ ತಗುಲಿಸಿ ಹೋಗುತ್ತಿದ್ದಳು. ಡಿಜಿಟಲ್ ಕ್ಯಾಮೆರಾ ಬಂದ ದಿನದಿಂದ ಹದಿನೆಂಟು ವರ್ಷ ಹೀಗೇ ನಡೆದಿತ್ತು. ಅವಳದೇ ಒಂದು ಫೋಟೋ ತೆಗೆಯೋಣ ಎಂದು ಅವನಿಗೆ ಅನ್ನಿಸಿರಲಿಲ್ಲ. ಅವಳೂ ಕೇಳಿರಲಿಲ್ಲ.

ಜನರ ಕೈಗೆಲ್ಲ ಫೋನು ಬಂದ ಮೇಲೆ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಮದುವೆಗಳು ಶಿಷ್ಯನ ಪಾಲಾದವು. ಹೀಗಿರುವಾಗ ಬೈಪಾಸ್ ರಸ್ತೆಯಲ್ಲಿ ಹೊಸ ಸಭಾಂಗಣವೊಂದು ಎದ್ದಿತು. ಅಲ್ಲಿ ನಡೆಯುವ ಸಮಾರಂಭಗಳಿಗೆಲ್ಲ ಒಬ್ಬನೇ ಫೋಟೋಗ್ರಾಫರನ್ನು ಗೊತ್ತುಮಾಡಿಕೊಳ್ಳುತ್ತೇವೆ, ನಿಮ್ಮನ್ನೂ ಇನ್ನೊಬ್ಬರನ್ನೂ ಪರಿಶೀಲಿಸುತ್ತಿದ್ದೇವೆ, ಹತ್ತನೇ ತಾರೀಕು ಸಂಜೆ ಐದರೊಳಗೆ ನಿಮ್ಮ ವೆಬ್‌ಸೈಟಿನ ವಿಳಾಸ ಕಳಿಸಿ ಎಂದು ಅಲ್ಲಿನ ಮ್ಯಾನೇಜರಮ್ಮನಿಂದ ಸಂದೇಶ ಬಂತು. ಆ ಇನ್ನೊಬ್ಬರು ಯಾರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ಸಭಾಂಗಣ ಕೈತಪ್ಪಿದರೆ ಸ್ಟುಡಿಯೋದ ಬಾಗಿಲು ಎಳೆಯುವುದೊಂದೇ ಉಳಿದಿತ್ತು. ಅದಕ್ಕಿಂತ ದೊಡ್ಡ ಮುಳ್ಳೆಂದರೆ, ಶಿಷ್ಯ ಆಗಲೇ ಹೆಂಡತಿಗೆ ಫೋನ್ ಮಾಡಿ ಮರ್ಯಾದೆಯಿಂದಲೇ ಒಂದು ಮಾತು ಹೇಳಿಟ್ಟಿದ್ದ. ಸರ್‌ಗೆ ಮನಸ್ಸಿದ್ದರೆ ನನ್ನ ಜೊತೆ ಸೆಕೆಂಡ್ ಕ್ಯಾಮೆರಾಗೆ ಬರಲಿ ಅಕ್ಕ, ಅಂತ. ಸೆಕೆಂಡ್ ಕ್ಯಾಮೆರಾ ಎಂದರೆ ಊಟದ ಸಾಲು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ, ನಿದ್ದೆ ಹೋದ ಮಕ್ಕಳು, ಇವುಗಳ ಫೋಟೋ ತೆಗೆಯುವವನು. ಐವತ್ತೆಂಟನೇ ವಯಸ್ಸಿನಲ್ಲಿ, ಯಾರ ಫೋಟೋವನ್ನು ತಾನು ಮಸಿಬಟ್ಟೆ ಎಂದಿದ್ದನೋ ಅವನ ಹಿಂದೆಯೇ ಬ್ಯಾಗು ಹೊತ್ತು ನಡೆಯುವುದು. ಅದನ್ನು ನೆನೆದಾಗಲೆಲ್ಲ ನಗಬೇಡಿ ಊಟದ ತಟ್ಟೆ ಸರಿಸಿ ಏಳುತ್ತಿದ್ದ.

ವೆಬ್‌ಸೈಟು ಮಾಡುವವರನ್ನು ಹುಡುಕುವ ಕೆಲಸ ಹೆಂಡತಿಯ ತಮ್ಮನ ಹೆಗಲಿಗೆ ಬಿತ್ತು. ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುವವನು, ನಾಲ್ಕು ಜನರ ಪರಿಚಯವಿದ್ದವನು. ಅವನು ಮೊದಲು ಕರೆತಂದವನ ತಲೆಯಲ್ಲಿ ಜುಟ್ಟು, ಲ್ಯಾಪ್‌ಟಾಪಿನ ತುಂಬ ಅಂಟಿಸಿದ ಚಿತ್ರಗಳು. ವೆಬ್‌ಸೈಟು ಅಂದರೆ ಕಥೆ ಹೇಳಬೇಕು ಸರ್, ನಿಮ್ಮ ಕಥೆ ಏನು ಎಂದು ಕೇಳಿದ. ಬೆಳಿಗ್ಗೆ ಒಂಬತ್ತಕ್ಕೆ ತೆಗೀತೀವಿ, ಒಂದಕ್ಕೆ ಮುಚ್ತೀವಿ, ಮತ್ತೆ ನಾಲ್ಕಕ್ಕೆ ತೆಗೀತೀವಿ, ಅದೇ ಕಥೆ ಎಂದ ನಗಬೇಡಿ. ಜುಟ್ಟಿನವನು ಅದನ್ನೂ ಬರೆದುಕೊಂಡ. ಅಂಥವನನ್ನು ಎರಡನೇ ಸಲ ಮೆಟ್ಟಿಲು ಹತ್ತಿಸುವ ಪ್ರಶ್ನೆಯೇ ಇರಲಿಲ್ಲ.

ಎರಡನೆಯದು ಕಂಪನಿ. ಗಾಜಿನ ಬಾಗಿಲು, ಒಳಗೆ ಚಳಿ ಹುಟ್ಟಿಸುವ ಎ.ಸಿ., ಟೈ ಕಟ್ಟಿದವನೊಬ್ಬ. ಬೆಳ್ಳಿ, ಬಂಗಾರ, ವಜ್ರ ಎಂದು ಮೂರು ಬಗೆಯ ಪ್ಯಾಕೇಜುಗಳನ್ನು ಬಣ್ಣಿಸಿ, ತಾವು ಮಾಡಿದ ವೆಬ್‌ಸೈಟುಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. ಒಂದು ಹಲ್ಲಿನ ವೈದ್ಯರದು, ಒಂದು ವ್ಯಾಯಾಮಶಾಲೆಯದು, ಇನ್ನೊಂದು ಯಾವುದೋ ಫೋಟೋಗ್ರಾಫರನದು. ಮೂರರ ಮುಖಪುಟದಲ್ಲೂ ಅದೇ ಅಪ್ಪ, ಅದೇ ಅಮ್ಮ, ಅದೇ ಎರಡು ಮಕ್ಕಳು ಹಲ್ಲು ಕಿರಿಯುತ್ತಿದ್ದರು. ನಗಬೇಡಿ ಎದ್ದು ಪರದೆಯ ಹತ್ತಿರ ಹೋಗಿ, ಎರಡನೇ ಮಗುವಿನ ಕಣ್ಣು ಶಾರ್ಪ್ ಇಲ್ಲ ಎಂದು ಹೇಳಿ ಚಪ್ಪಲಿ ಹಾಕಿಕೊಂಡ. ಭಾವಮೈದ ಟೈಯವನಿಗೆ ಕ್ಷಮೆ ಕೇಳುತ್ತ ಹಿಂದೆಯೇ ಓಡಿದ.

ಮೂರನೆಯವಳು ತಾನಾಗಿಯೇ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಹೊಲಿಗೆ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಒಬ್ಬಳೇ ಕೆಲಸ ಮಾಡುತ್ತಿದ್ದಳು. ಹೆಲ್ಮೆಟ್ಟನ್ನು ಕೌಂಟರಿನ ಮೇಲೆ ಭೂತಗನ್ನಡಿಯ ಪಕ್ಕದಲ್ಲೇ ಇಟ್ಟಳು. ಸರ್ ಅನ್ನಲಿಲ್ಲ, ಕೂರಲೂ ಇಲ್ಲ. ಗೋಡೆಯ ಮೇಲಿನ ಇಪ್ಪತ್ತನಾಲ್ಕು ಮುಖಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ನೋಡಿದಳು.

“ಇವರೆಲ್ಲ ಒಂದೇ ಮನೆಯವರಾ?” ಎಂದು ಕೇಳಿದಳು.

ನಗಬೇಡಿಯ ಕಿವಿ ಬಿಸಿಯಾಯಿತು. ಅದರಲ್ಲಿ ಒಬ್ಬರು ನ್ಯಾಯಾಧೀಶರು, ಒಬ್ಬ ಕುಸ್ತಿಪಟು, ಒಬ್ಬಾಕೆ ಹೆರಿಗೆ ಡಾಕ್ಟರು ಎಂದು ಬೆರಳಿಟ್ಟು ತೋರಿಸಿದ. ಅವಳು ಹೌದಾ ಎಂದು ಮತ್ತೊಮ್ಮೆ ನೋಡಿದಳೇ ಹೊರತು, ನ್ಯಾಯಾಧೀಶರಿಗೂ ಕುಸ್ತಿಪಟುವಿಗೂ ಅವಳಿಗೆ ಅಂಥ ವ್ಯತ್ಯಾಸ ಕಂಡಂತೆ ತೋರಲಿಲ್ಲ. ನಲವತ್ತು ಫೋಟೋ ಆರಿಸಿ ಕೊಡಿ, ಒಂದರ ಹಾಗೆ ಇನ್ನೊಂದು ಇರಬಾರದು, ಅಷ್ಟೇ ನನ್ನ ಷರತ್ತು ಎಂದಳು.

ಇಷ್ಟು ಸೊಕ್ಕಿನವಳನ್ನು ಅವನು ಅಲ್ಲಿಂದಲೇ ವಾಪಸ್ ಕಳಿಸಬೇಕಾಗಿತ್ತು. ಆದರೆ ತನ್ನಷ್ಟೇ ಚೆನ್ನಾಗಿ ಮೂಗು ಮುರಿಯಬಲ್ಲವರನ್ನು ಕಂಡರೆ ಅವನಿಗೆ ಒಳಗೊಳಗೇ ಒಂದು ಮರ್ಯಾದೆ. ತಾರೀಕು ಬೇರೆ ಹತ್ತಿರ ಬಂದಿತ್ತು. ಕೆಲಸ ಅವಳಿಗೇ ಎಂದಾಯಿತು. ಇನ್ನು ನಲವತ್ತು ಫೋಟೋ ಆರಿಸುವ ಮಾತು. ಈ ಹೆಲ್ಮೆಟ್ಟಿನವಳು ಹೇಳಿದಂತೆ ಕೂತು ಆರಿಸಲು ತಾನೇನು ಅವಳ ಗುಮಾಸ್ತನೇ? ಅವನು ಡ್ರಾಯರಿನಿಂದ ಹಾರ್ಡ್ ಡಿಸ್ಕ್ ತೆಗೆದು ಕೌಂಟರಿನ ಮೇಲೆ ತಳ್ಳಿದ. ಹದಿನೆಂಟು ವರ್ಷದ ಕೆಲಸ ಇದೆ, ಕಣ್ಣಿದ್ದರೆ ಹುಡುಕಿಕೊಳ್ಳಿ ಎಂದ. ವರ್ಷಕ್ಕೊಂದರಂತೆ ಜೋಡಿಸಿದ ಆ ಫೋಲ್ಡರುಗಳ ಒಳಗೆಲ್ಲ ‘ಲೈಟ್’ ಎಂಬ ಇನ್ನೊಂದು ಫೋಲ್ಡರ್ ಇರುವುದು ಅವನ ತಲೆಗೆ ಹೊಳೆಯಲೇ ಇಲ್ಲ. ಕಸದ ಬುಟ್ಟಿಯಲ್ಲಿ ಏನಿದೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹತ್ತನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಅವಳು ಬಂದು ಕೌಂಟರಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಮೇಲೆ ಸ್ಟುಡಿಯೋದ ಹೆಸರು, ಅದರ ಕೆಳಗೆ ಅವನ ಹೆಂಡತಿ.

ಒಬ್ಬಳಲ್ಲ, ಅರವತ್ತು ಹೆಂಡತಿಯರು. ಅದೇ ಸ್ಟೂಲು, ಅದೇ ಕಪ್ಪು ಪರದೆ, ಕೈಯಲ್ಲಿ ಅದೇ ಬೂದು ಕಾರ್ಡು. ಒಂದೊಂದರ ಕೆಳಗೂ ತಾರೀಕು ಬಿಟ್ಟು ಬೇರೆ ಮಾತಿಲ್ಲ. ಮೊದಲನೆಯದರಲ್ಲಿ ದಪ್ಪ ಜಡೆಯ, ತುಂಟ ಕಣ್ಣಿನ ಹೆಂಗಸು ಶಾಲೆಯ ಹುಡುಗಿ ಸ್ಲೇಟು ತೋರಿಸುವಂತೆ ಕಾರ್ಡು ಹಿಡಿದಿದ್ದಳು. ಮುಂದೊಂದರಲ್ಲಿ ಹೊಸ ಕನ್ನಡಕ ಮೂಗಿನ ಮೇಲೆ ಇನ್ನೂ ಕೂತಿಲ್ಲ. ಇನ್ನೊಂದರಲ್ಲಿ ಎಡಗೈಗೆ ಪ್ಲಾಸ್ಟರು, ಕಾರ್ಡು ಬಲಗೈಯಲ್ಲಿ. ಒಂದರಲ್ಲಿ ಹಲ್ಲುನೋವಿಗೆ ಕೆನ್ನೆ ಊದಿದೆ. ಒಂದರಲ್ಲಿ ಪಕ್ಕಕ್ಕೆ ತಿರುಗಿ ಯಾರ ಮಾತಿಗೋ ಬಾಯಿ ತುಂಬ ನಗುತ್ತಿದ್ದಾಳೆ. ಒಂದರಲ್ಲಿ ಕಣ್ಣು ಕೆಂಪಗೆ, ರೆಪ್ಪೆಗಳು ಊದಿಕೊಂಡಿವೆ. ಕೂದಲು ಸ್ವಲ್ಪ ಸ್ವಲ್ಪವೇ ತೆಳ್ಳಗಾಗಿ, ಬೆಳ್ಳಗಾಗಿ, ಕೊನೆಯದು ಹೋದ ತಿಂಗಳಿನದು. ಪುಟವನ್ನು ಕೆಳಕ್ಕೆ ಸರಿಸುತ್ತ ಹೋದರೆ ಒಬ್ಬ ಹೆಂಗಸಿನ ಹದಿನೆಂಟು ವರ್ಷ ಬೆರಳ ತುದಿಯಲ್ಲಿ ಕಳೆದುಹೋಗುತ್ತಿತ್ತು. ನಗಬೇಡಿಯ ಕಣ್ಣು ಅಭ್ಯಾಸಬಲದಿಂದ ಒಂದೊಂದರಲ್ಲೂ ಕಾರ್ಡಿನ ಮೇಲೇ ಹೋಯಿತು. ಬಣ್ಣ ಸರಿಯಾಗಿದೆ ಅಂದುಕೊಂಡ.

ಆಮೇಲೆ ಅವನ ಸಿಟ್ಟು ನೆತ್ತಿಗೇರಿತು. ಇದು ಲೈಟ್ ನೋಡುವ ಫೋಟೋ, ಕಸ, ನಿಮಗೆ ಕೊಟ್ಟದ್ದು ಕೆಲಸ ನೋಡಲಿ ಅಂತ, ಮನೆಯ ಕಸ ಗುಡಿಸಿ ಬೀದಿಗೆ ಹಾಕಲಿ ಅಂತ ಅಲ್ಲ ಎಂದು ಶುರುಮಾಡಿದ. ಅವಳು ಅವನಿಗೆ ಉಸಿರು ಸಾಲದಾಗುವ ತನಕ ಕಾದಳು.

“ಹನ್ನೊಂದು ಸಾವಿರ ಫೋಟೋ ನೋಡಿದೀನಿ,” ಎಂದಳು. “ಅದರಲ್ಲಿ ಮನುಷ್ಯರ ಥರ ಇರೋದು ಇವರೊಬ್ಬರೇ.”

ಹಾಗಾದರೆ ನಾನೇ ಆರಿಸುತ್ತೇನೆ ಎಂದು ನಗಬೇಡಿ ಕಂಪ್ಯೂಟರಿನ ಮುಂದೆ ಕೂತ. ಒಂದು ಗಂಟೆಗೆ ಮುಚ್ಚಬೇಕಾದ ಬಾಗಿಲನ್ನು ಮುಚ್ಚದೆ, ಊಟ ಮಾಡದೆ, ತನ್ನ ಮೂವತ್ತೆರಡು ವರ್ಷದ ವಿದ್ಯೆಯನ್ನೆಲ್ಲ ಒಟ್ಟುಮಾಡಿ ನಲವತ್ತು ಫೋಟೋ ತೆಗೆದುಕೊಟ್ಟ. ಅವಳು ಅವನ್ನು ಸಾಲಾಗಿ ಪರದೆಯ ಮೇಲೆ ಜೋಡಿಸಿದಳು. ನಲವತ್ತು ಗದ್ದಗಳು ಒಂದೇ ಅಳತೆಗೆ ತಗ್ಗಿದ್ದವು. ನಲವತ್ತು ಕೆನ್ನೆಗಳಿಗೆ ಒಂದೇ ಸುಣ್ಣ. ಒಬ್ಬನೇ ಮನುಷ್ಯ ನಲವತ್ತು ಸಲ ಅಂಗಿ ಬದಲಾಯಿಸಿ, ಮೀಸೆ ಅಂಟಿಸಿ, ಜಡೆ ಕಟ್ಟಿಕೊಂಡು ಬಂದು ಕೂತಂತಿತ್ತು. ಅದು ನಗಬೇಡಿಗೂ ಕಾಣಿಸಿತು. ಅದು ಪರದೆಯ ದೋಷ ಎಂದ.

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಅವನು ಹೆಂಡತಿಯನ್ನು ಕೂಗಿದ. ಇಂಥ ಅವತಾರದಲ್ಲಿ ತನ್ನನ್ನು ಊರಿಗೆಲ್ಲ ತೋರಿಸುತ್ತಾರೆ ಎಂದರೆ ಅವಳು ನಾಚಿಕೆಯಿಂದ ಮುದುಡಿಹೋಗುತ್ತಾಳೆ, ಆಗ ಈ ಹೆಲ್ಮೆಟ್ಟಿನವಳ ಬಾಯಿಗೆ ಬೀಗ ಬೀಳುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಅವಳು ಬೆರಳಿನ ಅಂಟು ಒರೆಸಿಕೊಳ್ಳುತ್ತ ಬಂದು ಲ್ಯಾಪ್‌ಟಾಪಿನ ಮುಂದೆ ನಿಂತಳು. ಆತುರವಿಲ್ಲದೆ ಅರವತ್ತನ್ನೂ ನೋಡಿದಳು. ಕೆಂಪು ಕಣ್ಣಿನ ಫೋಟೋ ಬಂದಾಗ ಬೆರಳು ಅಲ್ಲೇ ನಿಂತಿತು.

“ಇದು ನಮ್ಮಮ್ಮ ಹೋದ ದಿನ,” ಎಂದಳು. “ಆಗಷ್ಟೇ ಫೋನ್ ಬಂದಿತ್ತು. ಒಳಗೆ ಯಾರೋ ಗಂಡ ಹೆಂಡ್ತಿ ರೆಡಿಯಾಗಿ ಕೂತಿದ್ರು. ಲೈಟ್ ನೋಡ್ಕೊಂಡು ಬಿಟ್ಬಿಡ್ತೀನಿ, ಆಮೇಲೆ ಹೊರಡು ಅಂದ್ರಿ.”

ದೂರುವ ದನಿಯೇನೂ ಅಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದಳು. ನಗಬೇಡಿಗೆ ಆ ದಿನ ನೆನಪಿಗೆ ಬಂತು. ಆ ಗಂಡನ ಬಲಗಿವಿ ಬಹಳ ಮುಂದಕ್ಕೆ ಚಾಚಿತ್ತು, ತಿದ್ದಲು ಅರ್ಧ ದಿನ ಹಿಡಿದಿತ್ತು. ಅವನ ನೆನಪಿನಲ್ಲಿ ಉಳಿದದ್ದು ಆ ಕಿವಿ ಮಾತ್ರ. ಡಿಸೈನರ್ ಹೆಂಗಸು ಅವನ ಮುಖವನ್ನು ಒಂದು ಸಲ ನೋಡಿ, ಮತ್ತೆ ನೋಡುವ ಅಗತ್ಯವಿಲ್ಲ ಎಂಬಂತೆ ಕಿಟಕಿಯ ಕಡೆ ತಿರುಗಿದಳು.

“ನನ್ನ ಮುಖ ತಾನೆ, ಹೋಗ್ಲಿ ಬಿಡಿ,” ಎಂದಳು ಹೆಂಡತಿ. “ಐದಕ್ಕೆ ಕಳಿಸ್ಬೇಕಲ್ವಾ.” ಹೇಳಿ ಕಟ್ಟರಿನ ಕೋಣೆಗೆ ಹೋದಳು.

ನಗಬೇಡಿ ಒಪ್ಪಿದ. ಒಪ್ಪಿದ್ದು ಹೆಂಡತಿಯ ಮೇಲಿನ ಪ್ರೀತಿಯಿಂದ ಎಂದು ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ. ಸಭಾಂಗಣದ ಮ್ಯಾನೇಜರಮ್ಮನಿಗೆ ಫೋಟೋದ ಗಂಧಗಾಳಿ ಏನಿರುತ್ತದೆ, ಕುರ್ಚಿ ಎಣಿಸುವವಳು, ಅವಳ ಯೋಗ್ಯತೆಗೆ ಕಸವೇ ಸರಿ ಎಂದು ಹಲ್ಲು ಕಚ್ಚಿಕೊಂಡು ತಲೆಯಾಡಿಸಿದ. ಐದಕ್ಕೆ ಇನ್ನೂ ಆರು ನಿಮಿಷ ಇರುವಾಗ ವಿಳಾಸ ಹೋಯಿತು.

ಮೂರನೇ ದಿನ ಮ್ಯಾನೇಜರಮ್ಮನೇ ಮೆಟ್ಟಿಲು ಹತ್ತಿ ಬಂದಳು. ನಗಬೇಡಿ ಅಂಗಿಯ ಕಾಲರು ಸರಿಮಾಡಿಕೊಂಡು ಎದ್ದು ನಿಂತರೆ, ಅವಳು ಅವನನ್ನು ದಾಟಿಕೊಂಡು ಕಟ್ಟರಿನ ಕೋಣೆಯ ಬಾಗಿಲಿಗೆ ಹೋಗಿ, ನೀವೇ ಅಲ್ಲವೇ ಎಂದು ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು. ಅವರ ಆಫೀಸಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಆ ಪುಟ ನೋಡಿದರಂತೆ. ಲೆಕ್ಕ ಬರೆಯುವವರೊಬ್ಬರು ಹೊರಗೆ ಹೋಗಿ ಮನೆಗೆ ಫೋನ್ ಮಾಡಿಬಂದರಂತೆ. ಕೆಲಸ ನಿಮಗೇ ಎಂದು ಕಾಗದ ಕೌಂಟರಿನ ಮೇಲಿಟ್ಟು, ಹೊರಡುವಾಗ ನಗಬೇಡಿಯ ಕಡೆ ತಿರುಗಿದಳು.

“ಒಬ್ಬರನ್ನ ಹದಿನೆಂಟು ವರ್ಷ ಹೀಗೆ ನೋಡೋ ಗಂಡ ಎಲ್ಲಿ ಸಿಗ್ತಾನೆ ಹೇಳಿ,” ಎಂದಳು.

ನಗಬೇಡಿ ಆ ಮಾತನ್ನು ಹಾಗೇ ನುಂಗಿ ಜೀರ್ಣಿಸಿಕೊಂಡ. ಸಂಜೆಯ ಹೊತ್ತಿಗೆ ಅದು ಅವನ ಸ್ವಂತ ಮಾತಾಗಿತ್ತು. ಕೆಳಗಿನ ಔಷಧಿ ಅಂಗಡಿಯವನಿಗೆ, ಹದಿನೆಂಟು ವರ್ಷದಿಂದ ಯಾರಿಗೂ ಹೇಳದೆ ಒಂದು ದೊಡ್ಡ ಕೆಲಸ ಮಾಡುತ್ತಿದ್ದೆ ಎಂದ. ಮರುದಿನ ಪಾಸ್‌ಪೋರ್ಟ್ ಫೋಟೋಗೆ ಬಂದವನಿಗೆ, ಕಲೆ ಅಂದರೆ ತಾಳ್ಮೆ ಎಂದು ಕಾಲು ಗಂಟೆ ಉಪದೇಶ ಮಾಡಿದ. ಭಾವಮೈದನ ಎದುರಿಗೂ ಹೇಳಿದ; ಆ ಫೋಲ್ಡರನ್ನು ಕಸ ಎಂದದ್ದು ಅಕ್ಕನಿಂದ ಅವನಿಗೆ ಆಗಲೇ ಗೊತ್ತಾಗಿತ್ತು. ಪಾಪ, ಅವನು ಭಾವನ ಮಾನ ಉಳಿಸಲು ಸೀಲಿಂಗು ನೋಡುತ್ತ ನಿಂತ. ಸುಳ್ಳನ್ನು ನಾಲ್ಕು ಸಲ ಹೇಳಿದ ಮೇಲೆ ನಗಬೇಡಿಯೇ ಅದನ್ನು ನಂಬಿಬಿಟ್ಟ. ಬೆಳಿಗ್ಗೆ ಬಂದವನೇ ಕಂಪ್ಯೂಟರಿನಲ್ಲಿ ಆ ಪುಟ ತೆರೆದು, ಕುರ್ಚಿ ಹಿಂದಕ್ಕೆ ಸರಿಸಿ, ತನ್ನ ಕೈಚಳಕವನ್ನು ತಾನೇ ಮೆಚ್ಚುತ್ತ ಕೂರುವುದು ರೂಢಿಯಾಯಿತು. ಇದೆಲ್ಲ ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಅಲ್ಲಿ ಕಟ್ಟರಿನ ಸದ್ದು ಎಂದಿನಂತೆ ನಡೆದಿರುತ್ತಿತ್ತು.

ವಾರದ ಮೇಲೆ ಶಿಷ್ಯನ ಫೋನು ಬಂತು. ಸೋತವನು ಅಂಗಲಾಚಲು ಮಾಡಿದ್ದಾನೆ ಎಂದು ನಗಬೇಡಿ ಖುಷಿಯಿಂದಲೇ ಎತ್ತಿಕೊಂಡ. ಶಿಷ್ಯ ಅಭಿನಂದನೆ ಹೇಳಿದ. ಸಭಾಂಗಣ ಸರ್‌ಗೆ ಸಿಕ್ಕಿದ್ದು ಸಂತೋಷ ಎಂದ, ಅಕ್ಕ ಹೇಗಿದ್ದಾರೆ ಎಂದು ವಿಚಾರಿಸಿದ. ಆ ಪುಟವನ್ನು ಮೂರು ಸಲ ನೋಡಿದೆ, ಅಕ್ಕನ ಕೈಯ ಪ್ಲಾಸ್ಟರು ಬಿಚ್ಚಿಸಲು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ, ಅದೆಲ್ಲ ನೆನಪಾಯಿತು ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ.

“ದೊಡ್ಡದು ಮಾಡಿ ನೋಡ್ದೆ ಸರ್. ಅಕ್ಕನ ಕಣ್ಣು ಒಂದರಲ್ಲೂ ಶಾರ್ಪ್ ಇಲ್ಲ.”

ನಗಬೇಡಿ ಫೋನ್ ಇಟ್ಟು ನಕ್ಕ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂದುಕೊಂಡ. ಆದರೂ ಮೊದಲನೇ ಫೋಟೋ ತೆರೆದು ದೊಡ್ಡದು ಮಾಡಿದ. ಕಾರ್ಡಿನ ಶಿಲುಬೆ ಗುರುತು ಕೂದಲೆಳೆಯಷ್ಟು ಚೂಪಾಗಿತ್ತು. ಕಾರ್ಡಿನ ಮೂಲೆಯ ಗೀರು ಎಣಿಸುವ ಹಾಗಿತ್ತು. ಅದನ್ನು ಹಿಡಿದ ಹೆಬ್ಬೆರಳಿನ ಉಗುರಿನಲ್ಲಿ ಒಣಗಿದ ಅಂಟು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿಂದ ಗೇಣುದ್ದ ಹಿಂದೆ, ಅವಳ ಕಣ್ಣಿನ ಮೇಲೆ ಆವಿ ಕವಿದಂತಿತ್ತು. ಎರಡನೆಯದು ತೆರೆದ. ಮೂರನೆಯದು. ಪ್ಲಾಸ್ಟರಿನದು, ಕನ್ನಡಕದ್ದು, ಅಮ್ಮ ಹೋದ ದಿನದ್ದು. ಅರವತ್ತು ಮುಗಿದ ಮೇಲೆ ಹಾರ್ಡ್ ಡಿಸ್ಕ್ ಹಾಕಿ ‘ಲೈಟ್’ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯುತ್ತ ಹೋದ. ಎರಡು ಸಾವಿರದ ಒಂಬೈನೂರು ಚಿಲ್ಲರೆ ಫೋಟೋ. ಎಲ್ಲೆಲ್ಲೂ ಕಾರ್ಡು ಚೂಪು, ಕಣ್ಣು ಮಂಜು. ಊರಿನ ಕುಸ್ತಿಪಟುವಿನ ರೆಪ್ಪೆಗೂದಲು ಎಣಿಸಿದವನ ಹತ್ತಿರ ಹೆಂಡತಿಯ ಒಂದು ರೆಪ್ಪೆಗೂದಲಿನ ದಾಖಲೆಯೂ ಇರಲಿಲ್ಲ. ಬೇರೆ ಯಾರಾದರೂ ಈ ಫೋಟೋ ತಂದು ಕೌಂಟರಿನ ಮೇಲಿಟ್ಟಿದ್ದರೆ ತಾನು ಏನು ಹೇಳುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಪದ ನಾಲಿಗೆಯ ತುದಿಗೂ ಬಂತು.

ಅವನು ಎದ್ದು ಹೋಗಿ ಕಪ್ಪು ಪರದೆಯ ಕೋಣೆಯಲ್ಲಿ ಎರಡೂ ದೀಪ ಹಾಕಿದ. ಕ್ಯಾಮೆರಾ ಸ್ಟ್ಯಾಂಡಿಗೆ ಕೂರಿಸಿ ಹೆಂಡತಿಯನ್ನು ಕರೆದ. ಅವಳು ಬಂದಳು, ಮೊಳೆಯಿಂದ ಕಾರ್ಡು ತೆಗೆದುಕೊಂಡಳು, ಸ್ಟೂಲಿನ ಮೇಲೆ ಕೂತು ಅದನ್ನು ಗೇಣುದ್ದ ಮುಂದೆ ಚಾಚಿ ಹಿಡಿದಳು.

“ಕಾರ್ಡ್ ಬೇಡ,” ಎಂದ.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮತ್ತೆ ಕಾರ್ಡಿನ ಮೇಲೇ ಇಟ್ಟಳು. ನಗಬೇಡಿ ಬಗ್ಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟು, ಅವಳ ಎಡಗಣ್ಣಿನ ಮೇಲೆ ಫೋಕಸ್ ಕೂರಿಸಿದ. ಕೆಳರೆಪ್ಪೆಯ ಅಂಚಿನಲ್ಲಿ ಎಳ್ಳಿನಷ್ಟು ಒಂದು ಮಚ್ಚೆಯಿತ್ತು. ಊರಿನವರ ಮಚ್ಚೆಗಳನ್ನೆಲ್ಲ ಹೆಕ್ಕಿ ಒರೆಸಿದವನು ಇದನ್ನು ಈವರೆಗೆ ಕಂಡಿರಲಿಲ್ಲ.

“ಯಾರು ಬಂದಿದ್ದಾರೆ?” ಎಂದು ಅವಳು ಕೇಳಿದಳು. ಗಿರಾಕಿ ಯಾರು, ಒಬ್ಬರೋ ಜೋಡಿಯೋ, ಬೆಳಕು ಹೇಗೆ ಬೇಕು ಎಂದು ತಿಳಿಯಲು ಎಂದಿನಂತೆ ಕೇಳುವ ಮಾತು ಅದು.

“ಯಾರೂ ಇಲ್ಲ. ನಿನ್ನದೇ ಒಂದು ತೆಗೀತೀನಿ.”

ಕ್ಯಾಮೆರಾದೊಳಗೆ ಅವನ ಕಣ್ಣೆದುರೇ ಅವಳ ಮುಖ ಬದಲಾಯಿತು. ಗದ್ದ ತಾನಾಗಿ ಅಷ್ಟು ತಗ್ಗಿತು, ಭುಜ ಅಷ್ಟು ತಿರುಗಿತು, ತುಟಿ ಮುಚ್ಚಿಕೊಂಡಿತು. ಹೊರಗಿನ ಗೋಡೆಯ ಇಪ್ಪತ್ತನಾಲ್ಕರ ಪಕ್ಕ ಇಪ್ಪತ್ತೈದನೆಯದಾಗಿ ತಗುಲಿಸಬಹುದಾದ ಮುಖ. ಅವನು ಅದು ಹೋಗಲಿ ಎಂದು ಕಾದ. ಹೋಗಲಿಲ್ಲ.

“ಸ್ವಲ್ಪ ನಗು,” ಎಂದ. ಆ ಕೋಣೆಯಲ್ಲಿ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು.

ಅವಳು ನಗಲಿಲ್ಲ. ಅವನು ಕ್ಯಾಮೆರಾದಿಂದ ತಲೆ ಎತ್ತದೆಯೇ, ಆ ವೆಬ್‌ಸೈಟಿನ ಫೋಟೋಗಳಲ್ಲಿ ಇದ್ದೀಯಲ್ಲ, ಹಾಗಿರು ಎಂದು ಕೇಳಿಕೊಂಡ.

“ಅವಾಗ ನೀವು ಕಾರ್ಡ್ ನೋಡ್ತಿದ್ರಿ,” ಎಂದಳು. “ನನ್ನನ್ನ ಯಾರೂ ನೋಡ್ತಿಲ್ಲ ಅಂತ ಗೊತ್ತಿರ್ತಿತ್ತು. ಅದಕ್ಕೇ ನಾನು ನನ್ನ ಪಾಡಿಗೆ ಇರ್ತಿದ್ದೆ.”

ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಒಂದು ಕ್ಷಣ ನೋಡಿದಳು. ಮೆಟ್ಟಿಲು ಹತ್ತಿ ಬರುವ ಗಿರಾಕಿಗಳನ್ನು ಅವನು ನೋಡುತ್ತಿದ್ದ ರೀತಿಯಲ್ಲೇ ನೋಡಿದಳು. ಆಮೇಲೆ ಎಂಟು ಸೆಟ್ ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು ಬಾಕಿಯಿದೆ ಎಂದು ಎದ್ದು, ಕಾರ್ಡನ್ನು ಮೊಳೆಗೆ ತಗುಲಿಸಿ ಹೋದಳು. ಪಕ್ಕದ ಕೋಣೆಯಲ್ಲಿ ಕಟ್ಟರಿನ ಸದ್ದು ಶುರುವಾದಾಗಲೂ ಅವನು ಬಗ್ಗಿಕೊಂಡೇ ಇದ್ದ, ಖಾಲಿ ಸ್ಟೂಲಿನ ಮೇಲೆ ಫೋಕಸ್ ಇಟ್ಟುಕೊಂಡು.